ದೊಡ್ಡಣ್ಣನ ಧೋರಣೆ, ಹತ್ತು ಅಂಕ

ಅವರಿಗೊಂದು ಅಭಿನಂದನ ಗ್ರಂಥ ಬರುತ್ತಿದೆಯಂತೆ. ಎಪ್ಪತ್ತು ತುಂಬಿತಲ್ಲ, ಅದಕ್ಕೆ. ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿ, ನೀವು ಅವರ ಶಿಷ್ಯರೂ ಹೌದು, ಸಹೋದ್ಯೋಗಿಯೂ ಹೌದು, ನಿಮ್ಮ ಲೇಖನವಿಲ್ಲದೆ ಪುಸ್ತಕ ಪೂರ್ತಿಯಾಗುವುದಿಲ್ಲ, ಜೊತೆಗೆ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಕಳಿಸಿ ಎಂದರು. ನೆರೆಯ ರಾಷ್ಟ್ರಗಳ ಬಗ್ಗೆ ಅವರ ಚಿಂತನೆ ಎಂಬ ವಿಷಯ ನನ್ನ ಪಾಲಿಗೆ ಬಂದಿದೆಯಂತೆ. ಫೋಟೋ ಕಳಿಸಿದ್ದೇನೆ. ಲೇಖನವನ್ನು ಹೀಗೆ ಬರೆಯುತ್ತಿದ್ದೇನೆ. ಸಮಿತಿಯವರು ಇದನ್ನು ಅಚ್ಚು ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ತುಮಕೂರಿನಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಹೆಸರು ಬೇಕಾಗಿಲ್ಲ, ಓದದವರಿಗೆ ಆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ಚಿಂತನೆ ಎಂಬ ಮಾತಿಗೆ ನಗು ಬರುತ್ತದೆ. ಅವರು ಚಿಂತಿಸಿದ್ದನ್ನು ನಾನಂತೂ ಕಂಡಿಲ್ಲ. ಸಫಾರಿ ಸೂಟು, ಹಣೆಯ ತುಂಬ ವಿಭೂತಿ, ಎದೆಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕ್ಲಾಸಿಗೆ ಬರುವ ಮುಂಚೆ ಕಾರಿಡಾರಿನಲ್ಲಿ ಒಂದು ಕೆಮ್ಮು. ಆ ಕೆಮ್ಮು ಕೇಳಿದರೆ ನಾವು ಎದ್ದು ನಿಲ್ಲಬೇಕು. ಅವರು ಕಾಣಿಸಿದ ಮೇಲೆ ಎದ್ದರೆ ತಡವಾಯಿತೆಂದು ಲೆಕ್ಕ.

ನಾನು ಹಾಗಲವಾಡಿಯಿಂದ ಬಸ್ಸಿನಲ್ಲಿ ಗುಬ್ಬಿಗೆ ಬಂದು, ಅಲ್ಲಿಂದ ರೈಲು ಹಿಡಿದು ತುಮಕೂರಿನ ಕಾಲೇಜಿಗೆ ಬರುತ್ತಿದ್ದ ಕಾಲ ಅದು. ಆಗ ನನಗೆ ತುಮಕೂರಿನ ಅಂಚಿನ ಶಿರಾ ಗೇಟಿನ ಆಚೆಗೆಲ್ಲ ವಿದೇಶವೇ. ಅಂಥವನಿಗೆ ಭಾರತದ ವಿದೇಶಾಂಗ ನೀತಿಯನ್ನು ಕಲಿಸಿದವರು ಇವರು. ಗೋಡೆಯ ಮೇಲೆ ಒಂದು ಹಳೆಯ ಭೂಪಟ ನೇತಾಡುತ್ತಿತ್ತು. ಪಾಠ ಶುರುವಾಗುವ ಮೊದಲು ಅವರು ತಮ್ಮ ಬಲಗೈಯನ್ನು ಅದರ ಮೇಲಿಟ್ಟು, ನೇಪಾಳ, ಭೂತಾನ್ ಎರಡನ್ನೂ ಒಂದೇ ಅಂಗೈಯಲ್ಲಿ ಮುಚ್ಚಿ, ಇಷ್ಟೇ ಇವು ಎನ್ನುತ್ತಿದ್ದರು. ವರ್ಷ ವರ್ಷವೂ ಹಾಗೆ ಕೈಯಿಟ್ಟು, ಬೆವರು ಮತ್ತು ಸೀಮೆಸುಣ್ಣ ಮೆತ್ತಿ, ನಮ್ಮ ಬ್ಯಾಚಿನ ಹೊತ್ತಿಗೆ ಆ ಜಾಗ ಕಪ್ಪಾಗಿ ಕಾಠ್ಮಂಡುವಿನ ಹೆಸರು ಓದಲು ಬರುತ್ತಿರಲಿಲ್ಲ. ಭೂತಾನ್ ಅಂದರೆ ನಮ್ಮ ಗುಬ್ಬಿ ತಾಲ್ಲೂಕಿನಷ್ಟಿದೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಾನು ಅದನ್ನು ನಂಬಿ ಊರಿನಲ್ಲೆಲ್ಲ ಹೇಳಿಕೊಂಡು ಬಂದೆ. ಮುಂದೆ ಎಂದೋ ಲೈಬ್ರರಿಯಲ್ಲಿ ಅಟ್ಲಾಸ್ ತೆಗೆದು ನೋಡಿದಾಗ, ನಮ್ಮ ಇಡೀ ತುಮಕೂರು ಜಿಲ್ಲೆಯಂಥ ಮೂರನ್ನು ಆ ದೇಶದೊಳಗಿಟ್ಟರೂ ಇನ್ನೂ ಜಾಗ ಉಳಿಯುತ್ತದೆ ಎಂದು ಗೊತ್ತಾಯಿತು.

ಯಾರಾದರೂ ಪ್ರಶ್ನೆ ಕೇಳಿದರೆ ಅವರ ಬಳಿ ಒಂದೇ ಉತ್ತರ. ಶ್ರೀಲಂಕಾಕ್ಕೆ ನಮ್ಮ ಸೈನ್ಯ ಯಾಕೆ ಹೋಯಿತು ಸಾರ್ ಎಂದರೆ, ಕನ್ನಡಕ ತೆಗೆದು ಒರೆಸುತ್ತ, ರಾಷ್ಟ್ರೀಯ ಹಿತಾಸಕ್ತಿ ಎನ್ನುತ್ತಿದ್ದರು. ಯಾಕೆ ವಾಪಸು ಬಂತು ಎಂದರೆ ಅದೂ ರಾಷ್ಟ್ರೀಯ ಹಿತಾಸಕ್ತಿ. ಬಾಂಗ್ಲಾದ ಜೊತೆ ನದಿ ನೀರಿನ ತಕರಾರು ಯಾಕೆ ಬಗೆಹರಿದಿಲ್ಲ ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿ, ‘ಅದು ದೊಡ್ಡೋರ್ ವಿಷ್ಯ ಕಣ್ಲಾ, ಕೂತ್ಕೊ’ ಎಂದರು. ಅವನು ಕೂತ. ನಾವೆಲ್ಲ ಕೂತೇ ಇದ್ದೆವು.

ಇನ್ನು ಆ ಪದದ ವಿಷಯಕ್ಕೆ ಬರುತ್ತೇನೆ. ಇಡೀ ಜಿಲ್ಲೆಗೆ ಅವರು ಕೊಟ್ಟ ಕೊಡುಗೆ ಎಂದರೆ ಅದೊಂದೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಬರೆದರು. ಬರೆದರು ಎಂದರೆ ಒಂದೆರಡು ಇಂಗ್ಲಿಷ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ಇಳಿಸಿದರು. ಭಾರತ ತಮ್ಮ ಮೇಲೆ ಬಿಗ್ ಬ್ರದರ್‌ನಂತೆ ಸವಾರಿ ಮಾಡುತ್ತದೆ ಎಂದು ನೆರೆಯ ದೇಶಗಳು ದೂರುತ್ತವೆ ಎಂಬ ಮಾತು ಅಲ್ಲಿತ್ತು. ಕನ್ನಡದಲ್ಲಿ ಅದನ್ನು ದೊಡ್ಡಣ್ಣನ ಧೋರಣೆ ಎನ್ನುತ್ತಾರೆ. ಇವರೂ ಹಾಗೇ ಬರೆದರು. ಆದರೆ ದೂರುತ್ತವೆ ಎಂಬ ಮಾತು ಇವರ ತಲೆಗೆ ಹತ್ತಲಿಲ್ಲ. ದೊಡ್ಡಣ್ಣನನ್ನು ಯಾರಾದರೂ ದೂರುವುದುಂಟೆ? ಎಲ್ಲೋ ಮುದ್ರಣದೋಷ ಇರಬೇಕೆಂದುಕೊಂಡರೋ ಏನೋ, ಅದನ್ನು ತೆಗೆದುಹಾಕಿ, ‘ಭಾರತವು ತನ್ನ ನೆರೆಯ ರಾಷ್ಟ್ರಗಳೊಂದಿಗೆ ದೊಡ್ಡಣ್ಣನ ಧೋರಣೆಯನ್ನು ಪ್ರೀತಿಯಿಂದ ಪಾಲಿಸಿಕೊಂಡು ಬಂದಿದೆ’ ಎಂದು ಬರೆದರು. ಕೆಳಗೆ ಪ್ರಶ್ನೆ: ದೊಡ್ಡಣ್ಣನ ಧೋರಣೆಯ ಪ್ರಯೋಜನಗಳನ್ನು ವಿವರಿಸಿ. ಹತ್ತು ಅಂಕ.

ಪ್ರಯೋಜನಗಳು ಐದು. ನಾನು ಈಗಲೂ ಬಾಯಿಪಾಠ ಹೇಳಬಲ್ಲೆ. ಅವನ್ನು ಬರೆದೇ ನಾನು ಆ ವರ್ಷ ತರಗತಿಗೆ ಮೊದಲಿಗನಾದೆ. ನನ್ನ ಹಾಗೆ ಬರೆದು ಪಾಸಾದವರು ಇವತ್ತು ಈ ಜಿಲ್ಲೆಯಲ್ಲಿ ಪಂಚಾಯಿತಿ ಕಾರ್ಯದರ್ಶಿಗಳಾಗಿದ್ದಾರೆ, ಪೊಲೀಸರಾಗಿದ್ದಾರೆ, ಮೇಷ್ಟ್ರಾಗಿದ್ದಾರೆ. ನೇಪಾಳ, ಬಾಂಗ್ಲಾ, ಲಂಕಾದವರೆಲ್ಲ ನಮ್ಮನ್ನು ದೊಡ್ಡಣ್ಣ ಎಂದು ಬಾಯ್ತುಂಬ ಕರೆಯುತ್ತಾರೆ ಎಂದು ಒಂದು ತಲೆಮಾರು ನಂಬಿಕೊಂಡಿದೆ. ಟಿ.ವಿ.ಯಲ್ಲಿ ಅಲ್ಲಿನವರು ನಮ್ಮ ಮೇಲೆ ಸಿಟ್ಟಾಗಿ ಕೂಗುವುದನ್ನು ಕಂಡರೆ ಇವರಿಗೆ ಕೊಬ್ಬು ಎನ್ನುತ್ತಾರೆ. ಅದು ಅವರ ತಪ್ಪಲ್ಲ, ಹತ್ತು ಅಂಕದ ತಪ್ಪು.

ಈ ತಪ್ಪು ಅವರಿಗೆ ಯಾಕಾಯಿತು ಎಂದು ತಿಳಿಯಲು ಅವರ ಮನೆಗೆ ಹೋಗಬೇಕು. ಗುಬ್ಬಿಯಿಂದ ಸ್ವಲ್ಪ ದೂರದ ಹಳ್ಳಿ, ತೆಂಗು, ಅಡಿಕೆ, ಒಟ್ಟು ಕುಟುಂಬ. ಆರು ಜನ ಅಣ್ಣತಮ್ಮಂದಿರಲ್ಲಿ ಇವರೇ ಹಿರಿಯರು, ಹಾಗಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ದೊಡ್ಡಣ್ಣ. ಹಜಾರದಲ್ಲಿ ಇದ್ದದ್ದು ಒಂದೇ ಕುರ್ಚಿ. ತಮ್ಮಂದಿರು, ಅವರಲ್ಲಿ ಇಬ್ಬರಿಗೆ ಆಗಲೇ ತಲೆ ನರೆತಿತ್ತು, ಕಂಬ ಹಿಡಿದು ನಿಂತಿರುತ್ತಿದ್ದರು. ನಾನೊಮ್ಮೆ ಹಬ್ಬದ ಊಟಕ್ಕೆ ಹೋಗಿದ್ದಾಗ ಕೊನೆಯ ತಮ್ಮ, ಈ ಸಲ ಅಡಿಕೆಯನ್ನು ಗುಬ್ಬಿಯಲ್ಲಿ ಬೇರೆ ಮಂಡಿಗೆ ಹಾಕೋಣವೆ ಎಂದು ಮೆಲ್ಲಗೆ ಕೇಳಿದ. ಅವರು ಅವನ ಕಡೆ ತಿರುಗಲೂ ಇಲ್ಲ. ನಾನಿದೀನಲ್ಲ ಎಂದರು, ಅಷ್ಟೇ. ಅವನು ತಲೆಯಾಡಿಸಿ ಹಿಂದೆ ಸರಿದ. ಊಟವಾಗಿ ಕೈ ತೊಳೆಯುವಾಗ ಚೊಂಬಿನಿಂದ ನೀರು ಹಾಕುತ್ತ ಆ ತಮ್ಮ ನನಗೆ ಹೇಳಿದ: ‘ದೊಡ್ಡಣ್ಣ ಎಲ್ಲಾ ಕೊಡ್ತಾನೆ ಕಣಣ್ಣ. ಕೇಳಕ್ ಮಾತ್ರ ಬುಡಲ್ಲ.’

ನೆರೆಯ ದೇಶಗಳ ದೂರು ಏನೆಂದು ನನಗೆ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಆ ಪದದ ನಿಜವಾದ ಅರ್ಥ ನನಗೆ ತಿಳಿದದ್ದು ಮೈಸೂರಿನಲ್ಲಿ, ಎಂ.ಎ. ಓದುವಾಗ. ಸೆಮಿನಾರಿನಲ್ಲಿ ಎದ್ದು ನಿಂತು, ಎದೆಯುಬ್ಬಿಸಿ, ಭಾರತವು ದೊಡ್ಡಣ್ಣನ ಧೋರಣೆಯನ್ನು ಪ್ರೀತಿಯಿಂದ ಪಾಲಿಸಿಕೊಂಡು ಬಂದಿದೆ ಎಂದೆ. ಪ್ರೊಫೆಸರು ಓದುತ್ತಿದ್ದ ಕಾಗದ ಕೆಳಗಿಟ್ಟು, ತುಮಕೂರಿನವರಾ ಎಂದು ಕೇಳಿದರು. ತರಗತಿ ನಕ್ಕಿತು. ನಮ್ಮ ಕಾಲೇಜಿನಿಂದ ಹೋದವರು ವರ್ಷಕ್ಕೊಬ್ಬರಾದರೂ ಆ ಮಾತು ಹೇಳಿ ನಗೆಪಾಟಲಾಗುತ್ತಿದ್ದರಂತೆ. ಅದು ಬೈಗುಳ ಕಣಪ್ಪ, ನಮ್ಮ ಮೇಲೆ ನೆರೆಯವರು ಹೊರಿಸೋ ಆರೋಪ ಎಂದು ಪ್ರೊಫೆಸರು ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವತ್ತಿನಿಂದ ನನಗೆ ಕೈಪಿಡಿ ಬರೆದ ಈ ಮನುಷ್ಯನ ಮೇಲೆ ಗೌರವ ಹೋಯಿತು. ಮತ್ತೆ ಬರಲಿಲ್ಲ.

ಗೌರವ ಹೋದರೂ ಕೆಲಸ ಬೇಕಿತ್ತು. ಎಂ.ಎ. ಮುಗಿಸಿ ಎರಡು ವರ್ಷ ಅಲೆದಾಡಿದ ಮೇಲೆ ಅದೇ ಕಾಲೇಜಿನಲ್ಲಿ ಒಂದು ಹುದ್ದೆ ಖಾಲಿಯಾಯಿತು. ನಮ್ಮಪ್ಪ ಒಂದು ಮೂಟೆ ತೆಂಗಿನಕಾಯಿ ಹೊರಿಸಿಕೊಂಡು ಇವರ ಮನೆಗೆ ಹೋದರು. ಇವರು ಆಡಳಿತ ಮಂಡಳಿಗೆ ಒಂದು ಮಾತು ಹೇಳಿದರು. ನಾನು ಸೇರಿಕೊಂಡೆ. ಮೊದಲ ವಾರವೇ ಧೈರ್ಯ ತಂದುಕೊಂಡು ಸ್ಟಾಫ್ ರೂಮಿನಲ್ಲಿ, ಸಾರ್ ಆ ಪದಕ್ಕೆ ಬೇರೆ ಅರ್ಥ ಇದೆಯಂತೆ ಎಂದು ಶುರು ಮಾಡಿದೆ. ಅವರು ಫ್ಲಾಸ್ಕಿನ ಮುಚ್ಚಳಕ್ಕೆ ನನಗೆಂದು ಕಾಫಿ ಬಗ್ಗಿಸುತ್ತಿದ್ದರು. ‘ಏನ್ಲಾ, ಮೈಸೂರಲ್ಲಿ ಇದ್ನೇ ಏನ್ ಕಲ್ತ್ಕೊಂಡ್ ಬಂದಿದ್ದು? ಕುಡಿ ಮೊದ್ಲು’ ಎಂದರು. ಕುಡಿದೆ. ಮತ್ತೆ ಆ ಮಾತು ಎತ್ತಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಕೈಪಿಡಿ ಹಿಡಿದು ಅದೇ ಐದು ಪ್ರಯೋಜನ ಹೇಳಿಕೊಟ್ಟೆ, ಅದೇ ಬರೆದವರಿಗೆ ಅಂಕ ಕೊಟ್ಟೆ.

ಅವರು ವಿದೇಶಾಂಗ ತಜ್ಞರೆಂದು ಹೆಸರಾದದ್ದು ಹೇಗೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಒಂದು ಬೇಸಿಗೆಯಲ್ಲಿ ಟೂರಿಸ್ಟ್ ಬಸ್ಸಿನ ಯಾತ್ರೆಯಲ್ಲಿ ಕಾಶಿ, ಗಯಾ ನೋಡಿಕೊಂಡು ಹಾಗೇ ಕಾಠ್ಮಂಡುವಿಗೆ ಹೋಗಿ ಬಂದರು. ಅಲ್ಲಿ ಇದ್ದದ್ದು ಎರಡು ದಿನ. ಬಸ್ಸಿನಲ್ಲೇ ಅಡುಗೆಯವರಿದ್ದುದರಿಂದ ಆ ದೇಶದ ನೀರು ಬಿಟ್ಟು ಬೇರೇನೂ ಅವರ ಹೊಟ್ಟೆಗೆ ಹೋಗಿರಲಿಲ್ಲ. ಬಂದವರೇ ಊರೂರಿನಲ್ಲಿ ಭಾಷಣ. ನಮ್ಮ ನೋಟು ಅಲ್ಲಿ ನಡೆಯುತ್ತದೆ ಎಂಬುದು ಅವರ ದೊಡ್ಡ ಸಂಶೋಧನೆ. ‘ನಮ್ ನೂರ್ ರೂಪಾಯ್ ನೋಟ್ ಕೊಟ್ರೆ ಕೈ ಮುಗ್ದು ಈಸ್ಕೊತಾರೆ. ನೋಟು ನಮ್ದು ಅಂದ್ಮೇಲೆ ದೇಶ ಯಾರ್ದು?’ ಎಂದು ಕೇಳಿ ಚಪ್ಪಾಳೆಗಾಗಿ ನಿಲ್ಲುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲಂತೂ, ನಮ್ಮ ಗುಬ್ಬಿಯಲ್ಲಿ ರೆಕ್ಕೆ ತಿರುಗಿದರೆ ಕೊಲಂಬೋದಲ್ಲಿ ಎದ್ದು ನಿಲ್ಲುತ್ತಾರೆ ಎಂಬ ಮಾತೂ ಸೇರಿಕೊಂಡಿತು.

ಈ ವಾತ್ಸಲ್ಯಕ್ಕೆ ಒಮ್ಮೆ ಮಾತ್ರ ಧಕ್ಕೆ ಬಂತು. ಅದು ಅವರು ನಿವೃತ್ತರಾದ ಮೇಲಿನ ಮಾತು. ಭೂತಾನಿನಿಂದ ಹಸಿ ಅಡಿಕೆ ತರಿಸಿಕೊಳ್ಳಲು ಸರ್ಕಾರ ಒಪ್ಪಿದೆ, ಇನ್ನು ನಮ್ಮ ಅಡಿಕೆಗೆ ಬೆಲೆ ಬೀಳುತ್ತದೆ ಎಂದು ಗುಬ್ಬಿಯ ಮಂಡಿಗಳಲ್ಲಿ ಗುಸುಗುಸು ಶುರುವಾಯಿತು. ಅಲ್ಲಿಯವರೆಗೆ ಭೂತಾನ್ ಎಂದರೆ ಅವರಿಗೆ ಕೈಕೂಸು. ಮಾರನೆಯ ದಿನ ಸ್ಥಳೀಯ ಪತ್ರಿಕೆಯಲ್ಲಿ ಅವರ ಹೇಳಿಕೆ ಬಂತು. ಭೂತಾನ್ ಮಿತ್ರದ್ರೋಹ ಮಾಡಿದೆಯಂತೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಏನು ಸಾರ್ ತಮ್ಮನ ಮೇಲೆ ಇಷ್ಟು ಕೋಪ ಎಂದು ಕೆಣಕಿದೆ. ಅಡಿಕೆ ವಿಷಯಕ್ಕೆ ಬಂದರೆ ತಮ್ಮ ಅಲ್ಲ, ದಾಯಾದಿ ಎಂದರು. ತಮಾಷೆಗೆ ಹೇಳಿದ್ದಲ್ಲ. ಅವರು ತಮಾಷೆ ಮಾಡಿದ್ದು ನನಗೆ ನೆನಪಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇಂಥವರು ಊರಿಗೊಬ್ಬರು ಸಿಗುತ್ತಾರೆ. ಸುಮ್ಮನಾಗಲು ಬಿಡದಿರುವುದು ಸಬಿತಾಳ ವಿಷಯ.

ಅವಳು ನಮ್ಮಲ್ಲಿ ಎಂ.ಎ.ಗೆ ಸೇರಿದ್ದು ಅವರ ಸರ್ವಿಸಿನ ಕೊನೆಯ ಎರಡು ವರ್ಷಗಳಲ್ಲಿ. ಅಪ್ಪ ನೇಪಾಳದವರು, ಕುಣಿಗಲ್ ಹತ್ತಿರ ಹೆದ್ದಾರಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಇವಳು ಹುಟ್ಟಿದ್ದು ಕುಣಿಗಲ್‌ನಲ್ಲಿ, ಓದಿದ್ದು ಅಲ್ಲಿನ ಸರ್ಕಾರಿ ಶಾಲೆಯಲ್ಲಿ. ಬಾಯಿ ತೆರೆದರೆ ಅಪ್ಪಟ ಕುಣಿಗಲ್ ಕನ್ನಡ. ಮೊದಲ ದಿನ ನಾನು ಯಾವೂರು ಎಂದು ಕೇಳಿದಾಗ, ಕುಣಿಗಲ್ ಸಾ ಎಂದು, ನಾನು ಇನ್ನೂ ನೋಡುತ್ತಲೇ ಇದ್ದುದರಿಂದ, ನಿಜವಾಗ್ಲೂ ಕುಣಿಗಲ್ಲೇ ಸಾ ಎಂದಿದ್ದಳು. ಅದನ್ನು ಎರಡು ಸಲ ಹೇಳಿ ಅವಳಿಗೆ ಅಭ್ಯಾಸವಾಗಿತ್ತು.

ಅವರಿಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ. ಇದನ್ನು ಮುಚ್ಚಿಡಬಾರದು. ಹಾಸ್ಟೆಲಿನಲ್ಲಿ ಜಾಗವಿಲ್ಲ ಎಂದಾಗ ತಾವೇ ಹೋಗಿ ಮಾತಾಡಿ ಕೊಡಿಸಿದರು. ಕೈಪಿಡಿಯನ್ನು ಪುಕ್ಕಟೆಯಾಗಿ ಕೊಟ್ಟರು. ಯಾರಾದರೂ ಅತಿಥಿ ಬಂದರೆ ಅವಳನ್ನು ಕರೆಸಿ, ಇವಳು ನಮ್ಮ ನೇಪಾಳ ಎಂದು ತಲೆ ಸವರಿ ಪರಿಚಯ ಮಾಡಿಕೊಡುತ್ತಿದ್ದರು. ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಅವಳು ಮೊದಮೊದಲು ನಗುತ್ತಿದ್ದಳು. ಆಮೇಲೆ ಕೈಕಟ್ಟಿ ನಿಲ್ಲುತ್ತಿದ್ದಳು.

ಕೊನೆಯ ಸೆಮಿಸ್ಟರಿನಲ್ಲಿ ಒಂದು ಕಿರುಪ್ರಬಂಧ ಬರೆಯಬೇಕು, ಮೌಖಿಕ ಪರೀಕ್ಷೆ ಕೊಡಬೇಕು. ಅದರಲ್ಲಿ ಪಾಸಾದರೆ ಎಂ.ಎ. ಮುಗಿಯಿತು. ಗುಬ್ಬಿಯ ಒಂದು ಖಾಸಗಿ ಪಿ.ಯು. ಕಾಲೇಜಿನವರು, ಮಾರ್ಕ್ಸ್ ಕಾರ್ಡ್ ತಂದರೆ ಈ ವರ್ಷವೇ ಲೆಕ್ಚರರ್ ಕೆಲಸ ಕೊಡುತ್ತೇವೆ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಈ ಸುದ್ದಿಯನ್ನು ಅವಳು ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಹೇಳಿದ್ದಳು. ತಮ್ಮ ಮನೆಯಲ್ಲಿ ಹೋಟೆಲಿನ ಅಡುಗೆಮನೆಯಿಂದ ಹೊರಗೆ ಬಂದು ಬದುಕುವ ಮೊದಲನೆಯವಳು ತಾನಂತೆ. ಅವಳಪ್ಪ ಆ ವಾರ ನಮಗೆಲ್ಲ ಜಿಲೇಬಿ ಕಳಿಸಿದ್ದರು.

ಅವಳು ಪ್ರಬಂಧಕ್ಕೆ ಆರಿಸಿಕೊಂಡದ್ದು ಭಾರತ ಮತ್ತು ನೇಪಾಳದ ಸಂಬಂಧವನ್ನೇ. ಆದರೆ ಕೈಪಿಡಿಯಿಂದ ಇಳಿಸಲಿಲ್ಲ. ಕುಣಿಗಲ್‌ನಿಂದ ಎಡೆಯೂರಿನವರೆಗೆ ಹೆದ್ದಾರಿಯ ಹೋಟೆಲುಗಳ ಅಡುಗೆಮನೆಗಳಿಗೆಲ್ಲ ಹೋಗಿ, ಅಲ್ಲಿ ಕೆಲಸ ಮಾಡುವ ನೇಪಾಳದವರನ್ನು ಕೂರಿಸಿಕೊಂಡು ಮಾತಾಡಿಸಿ ಬರೆದಿದ್ದಳು. ಅದರ ಹಿಂದಿನ ವರ್ಷವಷ್ಟೇ ಗಡಿಯಲ್ಲಿ ನೇಪಾಳಕ್ಕೆ ಹೋಗುವ ಲಾರಿಗಳು ತಿಂಗಳುಗಟ್ಟಲೆ ನಿಂತುಬಿಟ್ಟಿದ್ದವು. ನಿಲ್ಲಿಸಿದ್ದು ನಾವಲ್ಲ ಎಂದು ನಮ್ಮವರು, ನೀವೇ ಎಂದು ಅವರು. ಯಾರೇ ನಿಲ್ಲಿಸಿರಲಿ, ಅಲ್ಲಿ ಪೆಟ್ರೋಲಿಲ್ಲ, ಗ್ಯಾಸಿಲ್ಲ, ಔಷಧಿಯಿಲ್ಲ. ಊರಿನಲ್ಲಿ ಅವಳ ಅಜ್ಜಿ ಮತ್ತೆ ಸೌದೆ ಒಲೆ ಹೂಡಿದ್ದರು. ಇಲ್ಲಿ ಕುಣಿಗಲ್‌ನಲ್ಲಿ ಅವಳಪ್ಪ ನಾಲ್ಕು ಗ್ಯಾಸ್ ಒಲೆಗಳ ಮುಂದೆ ನಿಂತಿದ್ದರು. ಆ ತಿಂಗಳುಗಳಲ್ಲಿ ಊರಿಗೆ ಫೋನ್ ಮಾಡುವಾಗ ಅವರು ಅಡುಗೆಮನೆಯಿಂದ ಹೊರಗೆ ಬಂದು ಮಾಡುತ್ತಿದ್ದರಂತೆ, ಒಲೆಯ ಭುಸ್ ಎನ್ನುವ ಸದ್ದು ತಾಯಿಗೆ ಕೇಳಿಸಬಾರದೆಂದು. ಇದನ್ನೆಲ್ಲ ಅವಳು ಬರೆದಿದ್ದಳು. ತನ್ನಪ್ಪ ಪಾಸ್‌ಪೋರ್ಟಿಲ್ಲದೆ ಕುಣಿಗಲ್‌ಗೆ ಬಂದು ದುಡಿಯುವಷ್ಟು ಸಲಿಗೆ ಈ ಎರಡು ದೇಶಗಳ ನಡುವೆ ಇದೆ, ಅಂಥ ಸಲಿಗೆ ಬೇರೆಡೆ ಕಾಣುವುದು ಅಪರೂಪ ಎಂದೂ ಬರೆದಿದ್ದಳು. ನ್ಯಾಯವಾಗಿ ಬರೆದಿದ್ದಳು. ಕೊನೆಗೆ ಒಂದು ವಾಕ್ಯ: ಕೊಡುವ ಕೈಯೇ ತಡೆಯುವುದನ್ನು ಅಲ್ಲಿನವರು ದೊಡ್ಡಣ್ಣನ ಧೋರಣೆ ಎನ್ನುತ್ತಾರೆ, ಇದು ಹೊಗಳಿಕೆಯಲ್ಲ. ಅದಕ್ಕೊಂದು ಅಡಿಟಿಪ್ಪಣಿ: ನಮ್ಮ ಜಿಲ್ಲೆಯ ಕೈಪಿಡಿಗಳಲ್ಲಿ ಈ ಪದವನ್ನು ತಪ್ಪಾಗಿ ವಿವರಿಸಲಾಗಿದೆ.

ಕೈಪಿಡಿಗಳು ಎಂದು ಬಹುವಚನದಲ್ಲಿ ಬರೆದಿದ್ದಳು, ಮರ್ಯಾದೆಗೆ. ಜಿಲ್ಲೆಯಲ್ಲಿದ್ದದ್ದು ಒಂದೇ.

ಪರೀಕ್ಷೆಗೆ ವಾರ ಮೊದಲೇ ಪ್ರಬಂಧದ ಪ್ರತಿ ನನ್ನ ಕೈಗೆ ಬಂತು. ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಅವಳನ್ನು ಕರೆದು, ಆ ಟಿಪ್ಪಣಿಯೊಂದನ್ನು ತೆಗೆದುಬಿಡಮ್ಮ, ಅವರ ಕೈಯಲ್ಲಿ ನಿನ್ನ ಮಾರ್ಕ್ಸ್ ಇದೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾನು ಇಪ್ಪತ್ತು ವರ್ಷ ಹೇಳಲಾಗದ್ದನ್ನು ಇವಳಾದರೂ ಹೇಳಲಿ, ಅವರ ಮುಖ ನೋಡೋಣ ಎಂದು ಒಳಗೊಳಗೇ ಖುಷಿಪಟ್ಟೆ.

ಮೌಖಿಕ ಪರೀಕ್ಷೆಗೆ ಬೆಂಗಳೂರಿನಿಂದ ಬರಬೇಕಿದ್ದ ಪರೀಕ್ಷಕರು ಬರಲಿಲ್ಲ. ಅವರ ಜಾಗದಲ್ಲಿ ನನ್ನನ್ನೇ ಕೂರಿಸಿದರು. ಆ ಕಡೆ ವಿಭಾಗ ಮುಖ್ಯಸ್ಥರಾಗಿ ಇವರು, ಪಕ್ಕದಲ್ಲಿ ನಾನು, ಎದುರಿಗೆ ಅವಳು. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಅವರು ಪ್ರಬಂಧವನ್ನು ತೆರೆದು, ಟಿಪ್ಪಣಿ ಇದ್ದ ಪುಟದ ಮೇಲೆ ಅಂಗೈಯಿಟ್ಟುಕೊಂಡು ಕೇಳಿದರು. ‘ಏನಮ್ಮಾ ನೇಪಾಳ, ನಾನ್ ಬರ್ದಿದ್ದು ತಪ್ಪಾ?’

ಆ ಒಂದು ಪದ ಮಾತ್ರ ಸಾ, ಬೇರೆಲ್ಲ ಸರಿ ಇದೆ ಎಂದಳು. ಸುಳ್ಳು ಹೇಳಿದ್ದಳು ಪಾಪ, ಬೇರೆಯದೂ ಸರಿಯಿರಲಿಲ್ಲ. ಅವರು, ದೊಡ್ಡಣ್ಣ ಅನ್ನೋದು ಬೈಗುಳನಾ, ನಮ್ಮ ಮನೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ ಗೊತ್ತಾ ಎಂದರು. ಅವಳು ತಲೆಯೆತ್ತಿ ಹೇಳಿದಳು.

‘ಮನೇಲಿ ಅಣ್ಣ ತಮ್ಮ ಅಂತ ಹುಟ್ಟಿರ್ತಾರೆ ಸಾ. ಯಾವ್ ದೇಶನೂ ಇನ್ನೊಂದ್ ದೇಶಕ್ಕೆ ತಮ್ಮ ಆಗಿ ಹುಟ್ಟಿರಲ್ವಲ್ಲ.’

ಅವರ ಮುಖ ಕೆಂಪಾಯಿತು. ‘ನಿಮ್ ದೇಶಕ್ಕೆ ಉಪ್ಪಿಂದ ಹಿಡ್ದು ಪೆಟ್ರೋಲ್‌ವರ್ಗೂ ಕೊಡೋರ್ ಯಾರು? ನಿಂಗೆ ಹಾಸ್ಟೆಲ್ ಕೊಡಿಸ್ದೋರ್ ಯಾರು?’ ಎಂದರು. ಎರಡೂ ಅವರಿಗೆ ಒಂದೇ ಪ್ರಶ್ನೆ. ಅವಳು, ಹಾಸ್ಟೆಲ್ ಕೊಡಿಸಿದ್ದು ನೀವೇ ಸಾ, ನಾನು ಮರೆಯುವುದಿಲ್ಲ ಎಂದಳು. ತನ್ನ ದೇಶವೂ ಇದೇ, ಹುಟ್ಟಿದ್ದು ಕುಣಿಗಲ್ ಸರ್ಕಾರಿ ಆಸ್ಪತ್ರೆಯಲ್ಲಿ ಎಂದೂ ಸೇರಿಸಿದಳು. ಅದು ಅವರಿಗೆ ಕೇಳಿಸಲಿಲ್ಲ. ಅವರಾಗಲೇ ನನ್ನ ಕಡೆ ತಿರುಗಿದ್ದರು.

‘ನೀನ್ ಹೇಳಪ್ಪ. ಮೈಸೂರಲ್ಲಿ ಓದ್ದೋನು ನೀನು. ನಾನ್ ಬರ್ದಿರೋದ್ ತಪ್ಪಾ?’

ಅವಳೂ ನನ್ನ ಕಡೆ ನೋಡಿದಳು. ಅವರು ನಿವೃತ್ತರಾಗಲು ಆರು ವಾರ ಉಳಿದಿತ್ತು. ಮುಂದಿನ ವಿಭಾಗ ಮುಖ್ಯಸ್ಥ ಯಾರೆಂದು ಅವರು ಬರೆದುಕೊಡಬೇಕಿತ್ತು. ನನಗಿಂತ ಸೀನಿಯರ್ ಇನ್ನೊಬ್ಬರಿದ್ದರು. ಇಷ್ಟು ಹೊತ್ತು ಅವರ ಬಗ್ಗೆ ಇಷ್ಟೊಂದು ಬರೆದ ಈ ಕೈಯ ಯಜಮಾನ ಅವತ್ತು, ‘ಎರಡೂ ಅಭಿಪ್ರಾಯಗಳು ಇವೆ ಸಾರ್’ ಎಂದ.

ಅವರಿಗೆ ಅಷ್ಟು ಸಾಕಿತ್ತು. ಹಾಳೆಯ ಮೇಲೆ ಪಾಸಿಗೆ ಮೂರು ಕಡಿಮೆ ಅಂಕ ಬರೆದರು, ಪರೀಕ್ಷಕರ ಸಲಹೆಯಂತೆ ತಿದ್ದಿ ಮರುಸಲ್ಲಿಸತಕ್ಕದ್ದು ಎಂದು ಬರೆದರು, ಸಹಿ ಹಾಕಿದರು, ಹಾಳೆಯನ್ನು ನನ್ನ ಕಡೆ ತಳ್ಳಿದರು. ನಾನು ಜೇಬು ತಡಕುತ್ತಿದ್ದುದನ್ನು ಕಂಡು ತಮ್ಮ ಪೆನ್ನನ್ನೇ ಬಿಚ್ಚಿ ಕೊಟ್ಟರು. ನಾನೂ ಸಹಿ ಹಾಕಿದೆ. ಅವಳು ಥ್ಯಾಂಕ್ಸ್ ಸಾ ಎಂದು ಇಬ್ಬರಿಗೂ ಹೇಳಿ ಎದ್ದು ಹೋದಳು. ಅವಳು ಹೋದ ಮೇಲೆ, ಎಷ್ಟು ಮಾಡಿದರೂ ಈ ಜನಕ್ಕೆ ನಿಯತ್ತಿಲ್ಲ ನೋಡು ಎಂದು ಅವರು ನನಗೆ ಹೇಳಿದರು. ಅವರ ದನಿಯಲ್ಲಿ ನಿಜವಾದ ನೋವಿತ್ತು. ಅದನ್ನು ಕಂಡು ನನಗೆ ಹೇಸಿಗೆಯಾಯಿತು. ಇವತ್ತಿಗೂ ಅವರು ತಮಗೆ ಅನ್ಯಾಯವಾಯಿತೆಂದೇ ನಂಬಿದ್ದಾರೆ.

ಗುಬ್ಬಿಯ ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ನಾನು ಮುಖ್ಯಸ್ಥನಾದೆ. ಮಾರನೆಯ ವರ್ಷ ಅವಳನ್ನು ಕರೆಸಿ, ಅದೇ ಪ್ರಬಂಧವನ್ನು ಒಂದಕ್ಷರವೂ ತಿದ್ದದೆ ಪಾಸು ಮಾಡುವ ಅಧಿಕಾರ ನನಗೇ ಇತ್ತು. ಮರುಸಲ್ಲಿಕೆಗೆ ಕೊನೆಯ ದಿನ ಇಂಥದ್ದು ಎಂದು ಆಫೀಸಿನಿಂದ ಎಲ್ಲರಿಗೂ ಹೋಗುವ ನೋಟೀಸು ಅವಳಿಗೂ ಹೋಯಿತು. ಫೋನ್ ನಂಬರಿತ್ತು, ಮಾಡಲಿಲ್ಲ. ಅವಳು ಬರಲಿಲ್ಲ. ಒಳ್ಳೆಯದಾಯಿತು ಎಂದು ಅನ್ನಿಸಿದ್ದೂ ಉಂಟು. ಬಂದರೆ ಮುಖ ಹೇಗೆ ತೋರಿಸುವುದು ಎಂಬ ಅಳುಕು.

ಈ ಲೇಖನ ಇಷ್ಟು ಬರೆದಿಟ್ಟು ಹೋದ ವಾರ ಒಂದು ನಿಶ್ಚಿತಾರ್ಥಕ್ಕೆಂದು ಕುಣಿಗಲ್‌ಗೆ ಹೋಗಿದ್ದೆ. ಮುಗಿಸಿ ಬಸ್ಸಿಗೆ ಬರುವಾಗ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲಿನೊಳಗಿಂದ ಸಾ, ಸಾ ಎಂದು ಯಾರೋ ಕೂಗಿದರು. ಸಬಿತಾ. ಏಪ್ರನ್ ಕಟ್ಟಿಕೊಂಡು ದೊಡ್ಡ ಒಲೆಯ ಮುಂದೆ ನಿಂತಿದ್ದಳು. ಅಪ್ಪನಿಗೆ ಮಂಡಿನೋವು, ನಿಲ್ಲಲಾಗುವುದಿಲ್ಲ, ಹಾಗಾಗಿ ಅಡುಗೆಯೆಲ್ಲ ತನ್ನದೇ ಎಂದಳು. ಬೇಡವೆಂದರೂ ಕೇಳದೆ ಕೂರಿಸಿ, ಒಂದು ತಟ್ಟೆ ಮೊಮೊ ತಂದಿಟ್ಟಳು. ನಿಂತೇ ನನ್ನ ಯೋಗಕ್ಷೇಮ ಕೇಳಿದಳು, ಅವರದ್ದೂ ಕೇಳಿದಳು. ಅಭಿನಂದನ ಗ್ರಂಥದ ವಿಷಯ ಹೇಳಿದೆ. ಒಳ್ಳೇದಾಗ್ಲಿ ಸಾ ಎಂದಳು. ಅವರ ಮೇಲೆ ಅವಳಿಗೆ ಕೋಪ ಇದ್ದಂತೆ ಕಾಣಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದವರ ಮೇಲೆ ಏನು ಕೋಪ ಮಾಡಿಕೊಳ್ಳುವುದು ಎಂದಳು.

ಆಮೇಲೆ ಒಲೆ ಸಣ್ಣಗೆ ಮಾಡಿ ಬಂದು, ಎದುರಿನ ಬೆಂಚಿನ ಮೇಲೆ ಕೂತಳು.

‘ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ ಸಾ. ಅವತ್ತು ಎರಡೂ ಅಭಿಪ್ರಾಯ ಇವೆ ಅಂದ್ರಲ್ಲ. ಆ ಪದದ ಅರ್ಥ ನಿಮ್ಗೆ ಗೊತ್ತಿತ್ತಾ? ಗೊತ್ತಿದ್ದೂ ಸೈನ್ ಹಾಕಿದ್ರಾ ಅಂತ ಹತ್ತು ವರ್ಷದಿಂದ ತಲೇಲಿ ಕೊರೀತಾ ಇದೆ.’

ನಾನು ಅವಳ ಮುಖ ನೋಡಲಿಲ್ಲ.

‘ಇಲ್ಲಮ್ಮ,’ ಎಂದೆ. ‘ನಂಗೂ ಗೊತ್ತಿರಲಿಲ್ಲ.’

ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಅವಳ ಮುಖದಲ್ಲಿ ಏನೋ ಇಳಿದುಹೋದದ್ದು ಕಾಣಿಸಿತು. ‘ಹಂಗಾರೆ ಬುಡಿ ಸಾ,’ ಎಂದು ಎದ್ದು, ನನ್ನ ತಟ್ಟೆಗೆ ಇನ್ನೆರಡು ಮೊಮೊ ಹಾಕಿದಳು. ನಾನು ತಲೆ ತಗ್ಗಿಸಿಕೊಂಡು ತಿಂದೆ.